ಕಾರ್ಡ್ ಆಮೇಲೆ, ಲೈಬ್ರರಿ ಮೊದಲು

ಕಲಬುರಗಿಯ ಕಾಲೇಜು ಲ್ಯಾಬ್ ಇರಲಿ, ಬೀದರಿನ ಸಣ್ಣ ಆಫೀಸ್ ಇರಲಿ, ಕೇಳುವುದು ಒಂದೇ: ‘ಯಾವ ಜಿಪಿಯು ತಗೊಳ್ಳೋಣ ಸರ್?’ ಜಿಪಿಯು ಎಂದರೆ ಸಾವಿರಾರು ಲೆಕ್ಕಗಳನ್ನು ಒಟ್ಟಿಗೆ ಮಾಡುವ ಚಿಪ್ ಇರುವ ಕಾರ್ಡ್. ಕೊಟೇಶನ್ ತರಿಸುವ ಮೊದಲು ಒಂದು ಹಾಳೆಯಲ್ಲಿ ನಿಮ್ಮ ಕೋಡ್ ಬಳಸುವ ಲೈಬ್ರರಿಗಳ (ಸಿದ್ಧ ಕೋಡ್ ಕಟ್ಟುಗಳ) ಹೆಸರು ಬರೆಯಿರಿ. ಅರ್ಧ ಉತ್ತರ ಅಲ್ಲೇ ಇರುತ್ತದೆ.

ತೊಗರಿಗೆ ಕಾಯಿಕೊರಕ ಬಿದ್ದಿದೆಯೇ ಎಂದು ಫೋಟೊ ನೋಡಿ ಹೇಳುವ ಪ್ರಾಜೆಕ್ಟ್ ಎಂದುಕೊಳ್ಳಿ. ಕೆಲಸವೆಲ್ಲ ಪೈಟಾರ್ಚ್ ಎಂಬ ಮಷೀನ್ ಲರ್ನಿಂಗ್ ಲೈಬ್ರರಿಯಲ್ಲಿ, ನೀವು ಕರ್ನಲ್ (ಜಿಪಿಯು ಮೇಲೆ ನೇರವಾಗಿ ಓಡುವ ಕೋಡ್) ಬರೆಯುವುದೇ ಇಲ್ಲ. ಹಾಗಿದ್ದರೆ ಎನ್‌ವಿಡಿಯಾದ ಕುಡಾ ಸಾಕು; ಅದು ಆ ಕಂಪನಿಯ ಕಾರ್ಡ್‌ಗಳ ಮೇಲೆ ಲೆಕ್ಕ ಓಡಿಸುವ ತಂತ್ರಾಂಶ ವೇದಿಕೆ. 2007ರಿಂದ ಬಳಕೆಯಲ್ಲಿದೆ, ನೀವು ಎಡವುವ ಜಾಗದಲ್ಲಿ ಹತ್ತಾರು ಜನ ಆಗಲೇ ಎಡವಿದ್ದಾರೆ. ಎಎಂಡಿ ಕಂಪನಿಯ ಇಂಥದೇ ವೇದಿಕೆ ರಾಕ್‌ಎಂ ಮೇಲೂ ಪೈಟಾರ್ಚ್ ಓಡುತ್ತದೆ, ಆದರೆ ಅದು ಅಧಿಕೃತವಾಗಿ ಒಪ್ಪುವ ಕಾರ್ಡ್‌ಗಳ ಪಟ್ಟಿ ಚಿಕ್ಕದು. ಕಾರ್ಡ್‌ನ ಮಾದರಿ, ಉಬುಂಟು ಆವೃತ್ತಿ ಎರಡೂ ಪಟ್ಟಿಯಲ್ಲಿ ಕಾಣದೆ ಅಡ್ವಾನ್ಸ್ ಕೊಡಬೇಡಿ.

ಸೆಕೆಂಡ್ ಹ್ಯಾಂಡ್ ಕಾರ್ಡ್ ಅಗ್ಗಕ್ಕೆ ಸಿಕ್ಕಿತೆಂದು ಹಿಗ್ಗುವುದೂ ಬೇಡ. ಎನ್‌ವಿಡಿಯಾದ ಜಿಟಿಎಕ್ಸ್ 1080 ಟಿಐಗೆ 11 ಜಿಬಿ ಮೆಮೊರಿ ಇದೆ, ನಿಜ. ಆದರೆ ಅದು ಪಾಸ್ಕಲ್ ತಲೆಮಾರಿನದು. ಕುಡಾ 13 ಪಾಸ್ಕಲ್ ಅನ್ನು ಕೈಬಿಟ್ಟಿದೆ. ಹಳೆಯ ಕುಡಾ 12ರಲ್ಲೇ ಉಳಿಯಲು ಮನಸ್ಸಿದ್ದರೆ ಮಾತ್ರ ಕೊಳ್ಳಿ.

ಇನ್‌ಸ್ಟಾಲ್ ಮಾಡುವಾಗ ಹೆಚ್ಚಿನವರು ಮೋಸ ಹೋಗುವುದು ಒಂದೇ ಸಂಖ್ಯೆಯಿಂದ. ಎನ್‌ವಿಡಿಯಾ-ಎಸ್‌ಎಂಐ ಆಜ್ಞೆ ಕೊಟ್ಟಾಗ ಮೇಲ್ಗಡೆ ಕಾಣುವ ಕುಡಾ ಆವೃತ್ತಿ ನೀವು ಹಾಕಿಕೊಂಡಿರುವ ಟೂಲ್‌ಕಿಟ್‌ನದಲ್ಲ (ಟೂಲ್‌ಕಿಟ್ ಎಂದರೆ ಕುಡಾ ಕೋಡ್ ಕಂಪೈಲ್ ಮಾಡುವ ಉಪಕರಣಗಳ ಕಟ್ಟು). ನಿಮ್ಮ ಡ್ರೈವರ್ (ಕಾರ್ಡ್ ನಡೆಸುವ ತಂತ್ರಾಂಶ) ಯಾವ ಕುಡಾ ಆವೃತ್ತಿಯವರೆಗೆ ನಡೆಸಬಲ್ಲದು ಎಂಬುದರ ಗುರುತು. ಟೂಲ್‌ಕಿಟ್ ಆವೃತ್ತಿ ಬೇಕಿದ್ದರೆ ಎನ್‌ವಿಸಿಸಿ ಕಂಪೈಲರನ್ನೇ ಕೇಳಬೇಕು. ಪೈಥಾನ್ ಪ್ಯಾಕೇಜ್ ಹಾಕುವ ಪಿಪ್‌ನಿಂದ ಹಾಕಿದ ಪೈಟಾರ್ಚ್ ತನಗೆ ಬೇಕಾದ ಕುಡಾ ಕಡತಗಳನ್ನು ಜೊತೆಗೇ ತರುತ್ತದೆ, ಹಾಗಾಗಿ ಡ್ರೈವರ್ ಸರಿಯಿದ್ದರೆ ಟೂಲ್‌ಕಿಟ್ ಇಲ್ಲದೆಯೂ ನಡೆಯುತ್ತದೆ. ಇದು ಗೊತ್ತಿಲ್ಲದೆ ಮೂರು ಟೂಲ್‌ಕಿಟ್ ಪೇರಿಸಿಟ್ಟುಕೊಂಡು ಒದ್ದಾಡುವವರೇ ಹೆಚ್ಚು.

ನೀವೇ ಕರ್ನಲ್ ಬರೆಯುವವರಾದರೆ ಲೆಕ್ಕ ಬೇರೆ. ಕುಡಾವನ್ನು ಹೋಲುವ ಎಎಂಡಿಯ ಹಿಪ್ ಬಳಸಿದರೆ ಕುಡಾ ಕೋಡಿನ ಬಹುಭಾಗವನ್ನು ಹಿಪಿಫೈ ಉಪಕರಣವೇ ಬದಲಿಸಿಕೊಡುತ್ತದೆ: ಮೆಮೊರಿ ಕಾಯ್ದಿರಿಸುವ ಕುಡಾಮ್ಯಾಲಕ್ ಇದ್ದಲ್ಲಿ ಹಿಪ್‌ಮ್ಯಾಲಕ್, ಅಷ್ಟೆ. ಕಂಪೈಲೂ ಆಗುತ್ತದೆ, ಉತ್ತರ ಮಾತ್ರ ತಪ್ಪಬಹುದು. ಎನ್‌ವಿಡಿಯಾದಲ್ಲಿ ಒಂದು ವಾರ್ಪ್ (ಒಟ್ಟಿಗೆ ನಡೆಯುವ ಥ್ರೆಡ್, ಅಂದರೆ ಲೆಕ್ಕದ ಎಳೆಗಳ ಗುಂಪು) ಎಂದರೆ 32 ಥ್ರೆಡ್. ಎಎಂಡಿಯ ಇನ್‌ಸ್ಟಿಂಕ್ಟ್ ಕಾರ್ಡ್‌ಗಳಲ್ಲಿ 64. ಮೊತ್ತ ಕೂಡಿಸುವ ಲೂಪಿನಲ್ಲಿ ಯಾರೋ 32 ಎಂದು ನೇರವಾಗಿ ಬರೆದಿಟ್ಟಿದ್ದರೆ ಅರ್ಧ ಥ್ರೆಡ್‌ಗಳ ಲೆಕ್ಕ ಸದ್ದಿಲ್ಲದೆ ಬಿಟ್ಟುಹೋಗಬಹುದು, ಎರರ್ ಬರುವುದಿಲ್ಲ. ಮೊದಲು ಕೋಡಿನಲ್ಲಿ 32 ಮತ್ತು 31 (ವಾರ್ಪಿನೊಳಗಿನ ಸ್ಥಾನ ಲೆಕ್ಕ ಹಾಕಲು ಬಳಸುವ ಸಂಖ್ಯೆ) ಹುಡುಕಿ. ಇಂಟೆಲ್ ಕಾರ್ಡ್‌ಗಳಲ್ಲೂ ಓಡಬೇಕಾದರೆ ಹಲವು ಕಂಪನಿಗಳ ಕಾರ್ಡ್‌ಗಳಿಗೆ ಒಂದೇ ಕೋಡ್ ಬರೆಯಲು ಬಿಡುವ ಸಿಕಲ್ ನೋಡಬಹುದು. ಅದೇ ಉದ್ದೇಶದ ಹಳೆಯ ಓಪನ್‌ಸಿಎಲ್ ಈಗಲೂ ಬದುಕಿದೆ. ಹೊಸ ಕೆಲಸವನ್ನು ಅದರಲ್ಲಿ ಶುರುಮಾಡಿ ಎಂದು ಮಾತ್ರ ಹೇಳಲಾರೆ.

ಅಂತರ್ಜಲದ ಮಾದರಿಯಂಥ ಲೆಕ್ಕಕ್ಕೆ ಡಬಲ್ ಪ್ರಿಸಿಷನ್ (ಸಿಂಗಲ್‌ನ 32 ಬಿಟ್ ಬದಲು 64 ಬಿಟ್‌ನ ಹೆಚ್ಚು ನಿಖರ ಲೆಕ್ಕ) ಬೇಕೇ? ಆರ್‌ಟಿಎಕ್ಸ್ 3060ರಲ್ಲಿ ಅದರ ವೇಗ ಸಿಂಗಲ್ ಪ್ರಿಸಿಷನ್ನಿನ 64ನೇ ಒಂದು ಭಾಗ. ಒಳ್ಳೆಯ ಸಿಪಿಯು ಇದ್ದರೆ ಅಲ್ಲೇ ಓಡಿಸಿ.

ಎರಡು ವೇದಿಕೆಗಳನ್ನು ಹೋಲಿಸುವಾಗ ಗಡಿಯಾರದ ಬಗ್ಗೆ ಎಚ್ಚರ. ಜಿಪಿಯುಗೆ ಕೊಟ್ಟ ಕೆಲಸ ಮುಗಿಯುವ ಮೊದಲೇ ಪೈಥಾನ್ ಮುಂದಿನ ಸಾಲಿಗೆ ಹೋಗಿರುತ್ತದೆ; ಸಿಂಕ್ರೊನೈಸ್ ಮಾಡದೆ, ಅಂದರೆ ಜಿಪಿಯು ಮುಗಿಸುವವರೆಗೆ ಕಾಯದೆ ಅಳೆದರೆ ಸಿಗುವುದು ಕೆಲಸ ಒಪ್ಪಿಸಿದ ಸಮಯ. ಮೇ ತಿಂಗಳ ನಮ್ಮ ಬಿಸಿಲಿನಲ್ಲಿ ಎರಡು ನಿಮಿಷದ ಪರೀಕ್ಷೆಗೆ ಅರ್ಥವೂ ಇಲ್ಲ. ಕಾರ್ಡ್ ಕಾದಮೇಲೆ ತಾನೇ ವೇಗ ಇಳಿಸುತ್ತದೆ. ಅರ್ಧ ಗಂಟೆ ಓಡಿಸಿ, ಕೊನೆಯ ಹತ್ತು ನಿಮಿಷದ ಅಂಕಿ ಮಾತ್ರ ಹಿಡಿಯಿರಿ. 170 ವಾಟ್‌ನ 3060ಕ್ಕೆ ಬಿಸಿ ತಗ್ಗಿಸಲು 130 ವಾಟ್‌ನ ಮಿತಿ ಹಾಕಿಯೂ ಒಮ್ಮೆ ಅಳೆದು ನೋಡಿ.