ಸಾವಿರದಲ್ಲೊಂದು ಪಾಲಿನ ಚಲನೆ: ಪೀಜೋ ಆಕ್ಚುಯೇಟರ್ ನಡೆಯಲು ಕಲಿತ ಬಗೆ

ಅಡುಗೆಮನೆಯ ಗ್ಯಾಸ್ ಲೈಟರಿನ ಗುಂಡಿಯನ್ನು ಒತ್ತಿದಾಗ ಒಳಗಿನ ಪುಟ್ಟ ಸುತ್ತಿಗೆಯೊಂದು ಸೆರಾಮಿಕ್ ತುಣುಕಿಗೆ ಬಡಿಯುತ್ತದೆ. ಆ ಪೆಟ್ಟಿನಿಂದ ಸಾವಿರಾರು ವೋಲ್ಟ್ ವಿದ್ಯುತ್ ಹುಟ್ಟಿ ಕಿಡಿ ಹಾರುತ್ತದೆ. ಒತ್ತಡಕ್ಕೆ ಸಿಕ್ಕ ಹರಳಿನಲ್ಲಿ ಹೀಗೆ ವಿದ್ಯುದಾವೇಶ ಮೂಡುವ ‘ಪೀಜೋ’ ಪರಿಣಾಮವನ್ನು 1880ರಲ್ಲಿ ಜಾಕ್ ಮತ್ತು ಪಿಯರ್ ಕ್ಯೂರಿ ಸಹೋದರರು ಪ್ಯಾರಿಸ್ಸಿನಲ್ಲಿ ತೋರಿಸಿಕೊಟ್ಟರು. ಇದರ ವಿಲೋಮವೂ ನಿಜವಾಗಿರಬೇಕು, ಅಂದರೆ ವಿದ್ಯುತ್ ಕೊಟ್ಟರೆ ಹರಳು ಹಿಗ್ಗಬೇಕು ಅಥವಾ ಕುಗ್ಗಬೇಕು ಎಂದು ಮರುವರ್ಷ ಗೇಬ್ರಿಯಲ್ ಲಿಪ್‌ಮನ್ ಗಣಿತದಿಂದ ಊಹಿಸಿದರು. ಅದೇ ವರ್ಷ ಕ್ಯೂರಿ ಸಹೋದರರು ಅದನ್ನು ಪ್ರಯೋಗದಿಂದ ದೃಢಪಡಿಸಿದರು. ಇಂದು ಬೆರಳ ತುದಿಯಷ್ಟು ಜಾಗದಲ್ಲಿ ಕುಳಿತು, ಮಸೂರವನ್ನೋ ಸೂಜಿಮೊನೆಯನ್ನೋ ನ್ಯಾನೋಮೀಟರ್ ಲೆಕ್ಕದಲ್ಲಿ ಸರಿಸುವ ಪೀಜೋ ಆಕ್ಚುಯೇಟರುಗಳ (ವಿದ್ಯುತ್ತನ್ನು ಚಲನೆಯಾಗಿಸುವ ಸಾಧನಗಳ) ಮೂಲ ಈ ವಿಲೋಮ ಪರಿಣಾಮವೇ.

ಆದರೆ ಆ ಚಲನೆ ತೀರ ಅಲ್ಪ. ಕ್ವಾರ್ಟ್ಜ್ ಹರಳಿಗೆ 1000 ವೋಲ್ಟ್ ಕೊಟ್ಟರೂ ಅದು ಹಿಗ್ಗುವುದು ಸುಮಾರು 2.3 ನ್ಯಾನೋಮೀಟರ್ ಮಾತ್ರ. ತಲೆಗೂದಲಿನ ದಪ್ಪ ಅದರ ಹತ್ತಾರು ಸಾವಿರ ಪಟ್ಟು. ಈ ಸ್ಥಿತಿಯನ್ನು ಬದಲಿಸಿದ್ದು ಸೀಸ, ಜಿರ್ಕೋನಿಯಂ ಮತ್ತು ಟೈಟಾನಿಯಂಗಳ ಆಕ್ಸೈಡುಗಳಿಂದಾದ ಪಿಜಡ್‌ಟಿ ಸೆರಾಮಿಕ್. ಇದರ ಪೀಜೋ ಗುಣ ಎಷ್ಟು ಪ್ರಬಲವೆಂಬುದನ್ನು 1954ರಲ್ಲಿ ಅಮೆರಿಕದ ನ್ಯಾಷನಲ್ ಬ್ಯೂರೋ ಆಫ್ ಸ್ಟ್ಯಾಂಡರ್ಡ್ಸ್‌ನ ಬರ್ನಾರ್ಡ್ ಜಾಫೆ ತಂಡ ಪ್ರಕಟಿಸಿತು. ಕ್ವಾರ್ಟ್ಜಿಗಿಂತ ನೂರು ಪಟ್ಟು ಮೀರಿ ಹಿಗ್ಗುವ ಈ ವಸ್ತುವನ್ನು ತೆಳ್ಳನೆಯ ಪದರಗಳಾಗಿ ಪೇರಿಸಿ, ಪದರಗಳ ನಡುವೆ ಎಲೆಕ್ಟ್ರೋಡುಗಳನ್ನು ಇಟ್ಟು ಬೇಯಿಸುವುದು ಸಾಧ್ಯವಾದ ಮೇಲೆ, ಸಾವಿರ ವೋಲ್ಟ್ ಬೇಡುತ್ತಿದ್ದ ಕೆಲಸ ನೂರು, ನೂರೈವತ್ತು ವೋಲ್ಟಿನಲ್ಲಿ ಆಗತೊಡಗಿತು.

ಇಷ್ಟಾದರೂ ಪಿಜಡ್‌ಟಿ ಹಿಗ್ಗುವುದು ತನ್ನ ಉದ್ದದ ಸುಮಾರು ಸಾವಿರದಲ್ಲೊಂದು ಪಾಲು. 10 ಮಿಲಿಮೀಟರ್ ಉದ್ದದ ಕಂಬದಿಂದ 10 ಮೈಕ್ರೋಮೀಟರ್ ಚಲನೆ ಸಿಗುತ್ತದೆ. 10 ಮಿಲಿಮೀಟರ್ ಚಲನೆಯೇ ಬೇಕೆಂದರೆ 10 ಮೀಟರ್ ಉದ್ದದ ಸೆರಾಮಿಕ್ ಕಂಬ ಬೇಕಾಗುತ್ತದೆ. ಈ ಲೆಕ್ಕವನ್ನು ಮುಂದಿಟ್ಟುಕೊಂಡರೆ ಮಾತ್ರ ಮುಂದಿನ ಐವತ್ತು ವರ್ಷಗಳ ಶ್ರಮ ಅರ್ಥವಾಗುತ್ತದೆ ಎಂಬುದು ನನ್ನ ಅಭಿಪ್ರಾಯ. ವಸ್ತು ಇನ್ನಷ್ಟು ಹಿಗ್ಗುವುದಿಲ್ಲವೆಂದಾದ ಮೇಲೆ, ಅದರ ಕಿರುಚಲನೆಯನ್ನೇ ಹೆಜ್ಜೆಯಾಗಿಸಿ, ಹೆಜ್ಜೆಯ ಮೇಲೆ ಹೆಜ್ಜೆ ಇಡಿಸುವುದೊಂದೇ ದಾರಿಯಾಗಿತ್ತು.

ಮಲೆನಾಡಿನ ಮಳೆಗಾಲದಲ್ಲಿ ಇಂಬಳ ನಡೆಯುವುದನ್ನು ಕಂಡವರಿಗೆ ಮೊದಲ ಉಪಾಯ ತಾನಾಗಿ ತಿಳಿಯುತ್ತದೆ. ಅದು ಹಿಂತುದಿಯನ್ನು ಅಂಟಿಸಿಕೊಂಡು ಮೈಯನ್ನು ಚಾಚುತ್ತದೆ, ಮುಂತುದಿಯನ್ನು ಊರಿ ಹಿಂತುದಿಯನ್ನು ಎಳೆದುಕೊಳ್ಳುತ್ತದೆ. ನ್ಯೂಯಾರ್ಕ್ ರಾಜ್ಯದ ಬರ್ಲೀ ಇನ್‌ಸ್ಟ್ರುಮೆಂಟ್ಸ್ ಕಂಪನಿ 1970ರ ದಶಕದಲ್ಲಿ ತಯಾರಿಸಿದ ‘ಇಂಚ್‌ವರ್ಮ್’ ಮೋಟರಿನಲ್ಲೂ ಹೀಗೆಯೇ ಮೂರು ಪೀಜೋ ಭಾಗಗಳಿದ್ದವು. ಎರಡು ತುದಿಯ ಭಾಗಗಳು ಸರದಿಯಂತೆ ದಂಡವನ್ನು ಹಿಡಿದು ಬಿಡುತ್ತಿದ್ದರೆ, ನಡುವಿನದು ಹಿಗ್ಗಿ ಕುಗ್ಗುತ್ತಿತ್ತು. ಜ್ಯೂರಿಚ್ ಬಳಿಯ ಐಬಿಎಂ ಪ್ರಯೋಗಾಲಯದಲ್ಲಿ 1981ರಲ್ಲಿ ಗೆರ್ಡ್ ಬಿನ್ನಿಗ್ ಮತ್ತು ಹೈನ್ರಿಚ್ ರೋರರ್ ಕಟ್ಟಿದ ಸ್ಕ್ಯಾನಿಂಗ್ ಟನೆಲಿಂಗ್ ಸೂಕ್ಷ್ಮದರ್ಶಕದಲ್ಲಿ, ಮಾದರಿಯನ್ನು ಸೂಜಿಮೊನೆಯ ಹತ್ತಿರಕ್ಕೆ ಒಯ್ದದ್ದು ‘ಹೇನು’ ಎಂದು ಅವರು ಕರೆದ ಪೀಜೋ ನಡಿಗೆಯ ಸಾಧನ. ಅದರ ಲೋಹದ ಪಾದಗಳು ವಿದ್ಯುತ್ತಿನ ಸೆಳೆತದಿಂದಲೇ ನೆಲ ಕಚ್ಚುತ್ತಿದ್ದವು. ಮೊನೆ ಪರಮಾಣುವಿನ ವ್ಯಾಸಕ್ಕಿಂತ ಕಡಿಮೆ ದೂರ ಸರಿದರೂ ಟನೆಲಿಂಗ್ ಪ್ರವಾಹ (ಮೊನೆ ಮತ್ತು ಮಾದರಿಯ ನಡುವಿನ ತೆರಪನ್ನು ದಾಟಿ ಹರಿಯುವ ವಿದ್ಯುತ್) ಹತ್ತು ಪಟ್ಟು ಬದಲಾಗುವಂಥ ಉಪಕರಣಕ್ಕೆ ಪೀಜೋ ಬಿಟ್ಟರೆ ಬೇರೆ ಕೈಗಳಿರಲಿಲ್ಲ. 1986ರ ನೊಬೆಲ್ ಪ್ರಶಸ್ತಿಯಲ್ಲಿ ಇವರಿಬ್ಬರಿಗೂ ಪಾಲಿತ್ತು.

ಎರಡನೆಯ ಉಪಾಯ ಇನ್ನೂ ಸರಳ. ಕಾಗದದ ಮೇಲೆ ಲೋಟವಿಟ್ಟು ಕಾಗದವನ್ನು ನಿಧಾನವಾಗಿ ಎಳೆದರೆ ಲೋಟವೂ ಜೊತೆಗೆ ಬರುತ್ತದೆ, ಥಟ್ಟನೆ ಎಳೆದರೆ ಇದ್ದಲ್ಲೇ ಉಳಿಯುತ್ತದೆ. ಘರ್ಷಣೆ ಮತ್ತು ಜಡತ್ವಗಳ ಈ ಹೊಂದಾಣಿಕೆಯನ್ನು ಬಳಸಿ, ಒಂದೇ ಪೀಜೋ ತುಣುಕು ನಿಧಾನವಾಗಿ ಹಿಗ್ಗಿ ಥಟ್ಟನೆ ಕುಗ್ಗುವಂತೆ ಗರಗಸದ ಹಲ್ಲಿನಾಕಾರದ ವೋಲ್ಟೇಜ್ ಕೊಡುವ ಸಾಧನವನ್ನು ಅದೇ ಐಬಿಎಂ ಪ್ರಯೋಗಾಲಯದ ಡೀಟರ್ ಪೋಲ್ 1987ರಲ್ಲಿ ವಿವರಿಸಿದರು. ಹಿಡಿಯುವ ಭಾಗಗಳೇ ಬೇಡವಾದ್ದರಿಂದ ಆಕ್ಚುಯೇಟರ್ ಬಹಳ ಚಿಕ್ಕದಾಯಿತು.

ಮೂರನೆಯದು ಅನುರಣನದ, ಅಂದರೆ ವಸ್ತುವನ್ನು ಅದರ ಸಹಜ ಕಂಪನದ ಲಯದಲ್ಲೇ ಅಲುಗಿಸುವ, ದಾರಿ. ಜಪಾನಿನ ತೋಶಿಕು ಸಾಶಿದಾ 1980ರ ದಶಕದ ಆರಂಭದಲ್ಲಿ ರೂಪಿಸಿದ ಅಲ್ಟ್ರಾಸಾನಿಕ್ ಮೋಟರ್, ಕಿವಿಗೆ ಕೇಳದ ಕಂಪನದ ಅಲೆಯ ಮೇಲೆ ರೋಟರನ್ನು ತೇಲಿಸಿಕೊಂಡು ಹೋಗುವಂತೆ ತಿರುಗಿಸುತ್ತಿತ್ತು. ಕ್ಯಾನನ್ ಕಂಪನಿ 1987ರಲ್ಲಿ ಇಂಥ ಮೋಟರನ್ನು ಕ್ಯಾಮೆರಾ ಲೆನ್ಸಿನ ಫೋಕಸ್ಸಿಗೆ ಅಳವಡಿಸಿತು. ಬರ್ಲೀಯಿಂದ ಹೊರಬಂದವರು ಕಟ್ಟಿದ ನ್ಯೂ ಸ್ಕೇಲ್ ಟೆಕ್ನಾಲಜೀಸ್‌ನ ‘ಸ್ಕ್ವಿಗಲ್’ ಮೋಟರಿನಲ್ಲಿ, ನಾಲ್ಕು ಪೀಜೋ ಫಲಕಗಳು ಒಳಗೆ ತಿರುಪಿನ ಗೆರೆಗಳಿರುವ ನಟ್ಟನ್ನು ಹುಲಾ ಹೂಪ್ ಆಡುವವರ ಸೊಂಟದಂತೆ ಬಳುಕಿಸುತ್ತವೆ. ಅದರೊಳಗಿನ ಸ್ಕ್ರೂ ತಿರುಗುತ್ತ ನೇರವಾಗಿ ಮುಂದೆ ಸಾಗುತ್ತದೆ. ಇದರ ಕಾಯ ಕೆಲವೇ ಮಿಲಿಮೀಟರ್.

ಘರ್ಷಣೆಯನ್ನೇ ನೆಚ್ಚಿದ ಈ ಮೋಟರುಗಳು ವಿದ್ಯುತ್ ಹೋದರೂ ನಿಂತ ಜಾಗವನ್ನು ಬಿಡುವುದಿಲ್ಲ, ಮತ್ತು ಆಯಸ್ಕಾಂತವಿಲ್ಲದ್ದರಿಂದ ಎಂಆರ್‌ಐ ಯಂತ್ರದ ಪಕ್ಕದಲ್ಲೂ ಕೆಲಸ ಮಾಡಬಲ್ಲವು. ಆದರೆ ಉಜ್ಜುವ ಮೇಲ್ಮೈ ಸವೆಯುವುದೂ ಅದೇ ಘರ್ಷಣೆಯಿಂದ. ಪಿಜಡ್‌ಟಿಗೆ ಮತ್ತೊಂದು ದೋಷವಿದೆ: ಅದೇ ವೋಲ್ಟೇಜಿಗೆ ಏರುವಾಗ ಒಂದು ಸ್ಥಾನ, ಇಳಿಯುವಾಗ ಇನ್ನೊಂದು ಸ್ಥಾನ, ವ್ಯತ್ಯಾಸ ಚಲನೆಯ ಶೇ. 10ರಿಂದ 15ರಷ್ಟಿರಬಹುದು. ಆದ್ದರಿಂದ ಸ್ಥಾನವನ್ನು ಅಳೆದು ತಿದ್ದುವ ಸೆನ್ಸರ್ ಇಲ್ಲದೆ ನಿಖರತೆಯ ಮಾತಿಲ್ಲ.

ಬಗೆಹರಿಯದೆ ಉಳಿದಿರುವುದು ವಿಷಕಾರಿಯಾದ ಸೀಸದ ಪ್ರಶ್ನೆ. ಪಿಜಡ್‌ಟಿಯ ತೂಕದಲ್ಲಿ ಅರ್ಧಕ್ಕಿಂತ ಹೆಚ್ಚು ಸೀಸವೇ ಇದೆ. 2006ರಲ್ಲಿ ಯುರೋಪಿನ ಒಕ್ಕೂಟ ಎಲೆಕ್ಟ್ರಾನಿಕ್ ಸಾಮಗ್ರಿಗಳಲ್ಲಿ ಸೀಸವನ್ನು ನಿರ್ಬಂಧಿಸಿದಾಗ, ಸಮನಾದ ಬದಲಿ ಇಲ್ಲವೆಂಬ ಕಾರಣಕ್ಕೆ ಪೀಜೋ ಸೆರಾಮಿಕ್‌ಗಳಿಗೆ ವಿನಾಯಿತಿ ಸಿಕ್ಕಿತು. ಅದಕ್ಕೂ ಎರಡು ವರ್ಷ ಮೊದಲೇ, 2004ರಲ್ಲಿ, ಜಪಾನಿನ ಸಂಶೋಧಕರು ಪೊಟ್ಯಾಸಿಯಂ, ಸೋಡಿಯಂ ಮತ್ತು ನಯೋಬಿಯಂ ಆಧಾರದ ಸೀಸರಹಿತ ಸೆರಾಮಿಕ್ ಒಂದನ್ನು ಪಿಜಡ್‌ಟಿಯ ಸಮೀಪಕ್ಕೆ ತಂದು ತೋರಿಸಿದ್ದರು. ಉಷ್ಣತೆ ಬದಲಾದಾಗಲೂ ಗುಣ ಕೆಡದಂತೆ ಅಂಥ ವಸ್ತುವನ್ನು ಕಡಿಮೆ ಖರ್ಚಿನಲ್ಲಿ ಪದರಗಳಾಗಿ ಬೇಯಿಸುವ ಪ್ರಯತ್ನ ಇನ್ನೂ ನಡೆದಿದೆ.