ಪದ ಪರಿಚಯ: ಪಾರದರ್ಶಕ ಎನ್‌ಕ್ರಿಪ್ಷನ್

ಪಾರದರ್ಶಕ ಅಂದ ಕೂಡಲೇ ನಮಗೆ ನೆನಪಾಗುವುದು ಟೆಂಡರು, ಆಡಳಿತ, ಚುನಾವಣೆಯ ಭಾಷಣ. ಎಲ್ಲರಿಗೂ ಎಲ್ಲವೂ ಕಾಣಬೇಕು ಅನ್ನುವ ಅರ್ಥ. ಎನ್‌ಕ್ರಿಪ್ಷನ್ ಅದರ ಉಲ್ಟಾ. ಕೀ ಇಲ್ಲದವರಿಗೆ ಒಂದಕ್ಷರವೂ ತಿಳಿಯದಂತೆ ಬರಹವನ್ನು ಕಲಸಿಡುವುದು. ಇವೆರಡೂ ಒಟ್ಟಿಗೆ ಹೇಗೆ ಬಂದವು? ಚಿಕ್ಕಮಗಳೂರಿನ ಹತ್ತಿರದ ನಮ್ಮ ಕಾಫಿ ತೋಟದ ಆಫೀಸಿನಲ್ಲಿ ಇದನ್ನು ತೋರಿಸಿದಾಗ ಚಿಕ್ಕಪ್ಪ ಕೇಳಿದ್ದೂ ಇದನ್ನೇ. “ಎಂತದು ಮಾರಾಯ, ಬೀಗ ಹಾಕಿದ ಮೇಲೂ ಒಳಗಿನದ್ದು ಕಾಣೋದಾದ್ರೆ ಬೀಗ ಯಾಕೆ?”

ಇಲ್ಲಿ ಪಾರದರ್ಶಕ ಅನ್ನುವ ಮಾತು ಬೀಗ ಹಾಕುವ, ತೆಗೆಯುವ ಕೆಲಸಕ್ಕೆ ಸೇರಿದ್ದು. ಕಿಟಕಿಗೆ ಗಾಜು ಇದ್ದರೂ ಅದು ನಮ್ಮ ಕಣ್ಣಿಗೆ ಬೀಳುವುದಿಲ್ಲ, ಅಲ್ವಾ? ಹಾಗೆ. ಟೆಕ್ಸ್ಟ್ ಎಡಿಟರಿನಲ್ಲಿ, ಅಂದರೆ ಬರಹ ಬರೆದು ತಿದ್ದುವ ಪ್ರೋಗ್ರಾಮಿನಲ್ಲಿ, ಫೈಲ್ ತೆರೆಯುತ್ತೀರಿ. ಪಾಸ್‌ವರ್ಡ್ ಕೇಳುತ್ತದೆ, ಕೊಡುತ್ತೀರಿ, ಬರಹ ಕಾಣುತ್ತದೆ. ತಿದ್ದಿ ಸೇವ್ ಮಾಡುತ್ತೀರಿ. ಡಿಸ್ಕಿನಲ್ಲಿ ಕೂರುವುದು ಮತ್ತೆ ಕಲಸಿದ ಬರಹವೇ. ಬಿಚ್ಚಿ ಕಟ್ಟುವ ಕೆಲಸವೆಲ್ಲ ಹಿಂದೆ ನಡೆದುಹೋಗುತ್ತದೆ. (ಟೆಕ್ಸ್ಟ್ ಎಡಿಟರನ್ನು ‘ಪಠ್ಯ ಸಂಪಾದಕ’ ಅನ್ನುವವರಿದ್ದಾರೆ. ನನಗೆ ಅದನ್ನು ಕೇಳಿದರೆ ಪಠ್ಯಪುಸ್ತಕ ಸಮಿತಿಯ ಯಾರೋ ಹಿರಿಯರು ನೆನಪಾಗುತ್ತಾರೆ. ಎಡಿಟರ್ ಅಂತಲೇ ಇರಲಿ.)

ಚಿಕ್ಕಪ್ಪನಿಗೆ ನಾನು ಹೇಳಿದ್ದು ಪಾರ್ಚ್‌ಮೆಂಟಿನ ಲೆಕ್ಕದಲ್ಲಿ. ಪಲ್ಪ್ ಮಾಡಿ, ತೊಳೆದು, ಒಣಗಿಸಿದ ಕಾಫಿ ಗೋಡೌನಿನಲ್ಲಿ ಹೊಟ್ಟಿನ ಸಮೇತ ಇರುತ್ತದೆ, ಅದೇ ಪಾರ್ಚ್‌ಮೆಂಟು. ಹೊಟ್ಟು ಬಿಡಿಸುವ ಕ್ಯೂರಿಂಗ್ ವರ್ಕ್ಸಿಗೆ ಹೋದ ಮೇಲೇ ಬೇಳೆ ಕಾಣುವುದು. ಡಿಸ್ಕಿನಲ್ಲಿರುವ ಫೈಲ್ ಪಾರ್ಚ್‌ಮೆಂಟು, ಸ್ಕ್ರೀನಿನ ಮೇಲೆ ಕಾಣುವುದು ಬೇಳೆ. ಹೋಲಿಕೆ ಅರ್ಧಕ್ಕೇ ನಿಲ್ಲುತ್ತದೆ ಬಿಡಿ. ಬಿಡಿಸಿದ ಬೇಳೆಯನ್ನು ಹೊಟ್ಟಿನೊಳಗೆ ವಾಪಸ್ ತೂರಿಸಲು ಯಾವ ಮಷೀನಿಗೂ ಆಗುವುದಿಲ್ಲ. ಎಡಿಟರ್ ಪ್ರತಿ ಸಲ ಸೇವ್ ಮಾಡುವಾಗಲೂ ಅದನ್ನೇ ಮಾಡುತ್ತದೆ.

ಇಷ್ಟಕ್ಕೆಲ್ಲ ಕಾರಣ ನಮ್ಮ ಬಟವಾಡೆಯ ಫೈಲ್. ಕೆಲಸಕ್ಕೆ ಬರುವವರ ಬ್ಯಾಂಕ್ ಖಾತೆ, ಆಧಾರ್ ನಂಬರ್, ಯಾರು ಎಷ್ಟು ಮುಂಗಡ ತೆಗೆದುಕೊಂಡಿದ್ದಾರೆ ಅನ್ನುವುದೆಲ್ಲ ಅದರಲ್ಲಿದೆ. ಮೊದಲು ನಾನು ಕೈಯಾರೆ ಬೀಗ ಹಾಕುತ್ತಿದ್ದೆ. ಜಿಪಿಜಿ ಅನ್ನುವ ಪ್ರೋಗ್ರಾಮಿನಲ್ಲಿ ಫೈಲ್ ಬಿಚ್ಚುವುದು, ಬರೀ ಟೆಕ್ಸ್ಟ್ ಆಗಿ ಉಳಿಸುವುದು, ತಿದ್ದುವುದು, ಮತ್ತೆ ಕಟ್ಟುವುದು, ಬರೀ ಟೆಕ್ಸ್ಟನ್ನು ಅಳಿಸುವುದು. ಒಂದು ಜುಲೈನಲ್ಲಿ ಮೂರನೇ ಹೆಜ್ಜೆಯಲ್ಲಿದ್ದಾಗ ಕರೆಂಟ್ ಹೋಯಿತು. ಮಲೆನಾಡಿನ ಜುಲೈ, ಹೇಳಬೇಕಾ? ಯುಪಿಎಸ್ ಸತ್ತು ತಿಂಗಳಾಗಿತ್ತು. ಕರೆಂಟ್ ಬಂದರೂ ಕಂಪ್ಯೂಟರ್ ಏಳಲಿಲ್ಲ. ಪೇಟೆಯ ರಿಪೇರಿ ಅಂಗಡಿಗೆ ಕಳಿಸಿದೆವು. ವಾಪಸ್ ಬಂದ ಮೇಲೆ ನೋಡಿದರೆ, ಬೀಗ ಹಾಕಿದ ಫೈಲಿನ ಪಕ್ಕದಲ್ಲೇ ಬರೀ ಟೆಕ್ಸ್ಟ್ ಫೈಲ್ ಕೂತಿದೆ. ಅದರ ಜೊತೆಗೆ ಎಡಿಟರ್ ತಾನೇ ಬರೆದಿಟ್ಟುಕೊಂಡ ಸ್ವಾಪ್ ಫೈಲ್, ಅಂದರೆ ತಿದ್ದುತ್ತಿದ್ದ ಬರಹದ ತಾತ್ಕಾಲಿಕ ನಕಲು ಬೇರೆ. ಅಂಗಡಿಯವರು ನೋಡಿರಲಿಕ್ಕಿಲ್ಲ. ಆದರೂ ಆ ರಾತ್ರಿ ನನಗೆ ನಿದ್ದೆ ಬರಲಿಲ್ಲ.

ಎಡಿಟರಿನ ಒಳಗೇ ಎನ್‌ಕ್ರಿಪ್ಷನ್ ಬೇಕಾಗುವುದು ಇಲ್ಲಿಯೇ. ಬರೀ ಟೆಕ್ಸ್ಟ್ ಡಿಸ್ಕಿಗೆ ಇಳಿಯುವ ಹೆಜ್ಜೆಯೇ ಇರುವುದಿಲ್ಲ. ಬಿಚ್ಚಿದ ಬರಹ ಸಾಮಾನ್ಯವಾಗಿ ಮೆಮೊರಿಯಲ್ಲಿ ಮಾತ್ರ ಇರುತ್ತದೆ, ಕರೆಂಟ್ ಹೋದರೆ ಅದರ ಜೊತೆಗೇ ಹೋಗುತ್ತದೆ.

ಬೀಗದ ಕೆಲಸವನ್ನು ಸಾಮಾನ್ಯವಾಗಿ ಎಡಿಟರ್ ತಾನು ಮಾಡುವುದಿಲ್ಲ, ಜಿಪಿಜಿಗೆ ಒಪ್ಪಿಸುತ್ತದೆ. ಫಿಲ್ ಝಿಮ್ಮರ್‌ಮನ್ 1991ರಲ್ಲಿ ಹೊರತಂದ ಪಿಜಿಪಿ ಅನ್ನುವ ಎನ್‌ಕ್ರಿಪ್ಷನ್ ಪ್ರೋಗ್ರಾಮಿನ ದಾರಿಯಲ್ಲೇ ಬಂದದ್ದು ಇದು. ಜರ್ಮನಿಯ ವರ್ನರ್ ಕೋಕ್ ಬರೆದರು, 1.0 ಆವೃತ್ತಿ 1999ರಲ್ಲಿ ಬಂತು. ಎಲ್ಲರಿಗೂ ಉಚಿತ. ಈಮ್ಯಾಕ್ಸ್ ಎಡಿಟರಿನಲ್ಲಿ 2009ರ 23ನೇ ಆವೃತ್ತಿಯಿಂದ, ಎಡಿಟರನ್ನು ಜಿಪಿಜಿಗೆ ಜೋಡಿಸುವ ಈಝಿಪಿಜಿ ಜೊತೆಗೇ ಬರುತ್ತದೆ. ಫೈಲಿನ ಹೆಸರು ‘ಡಾಟ್ ಜಿಪಿಜಿ’ ಅಂತ ಮುಗಿದರೆ ಸಾಕು. ಸೇವ್ ಮಾಡುವಾಗ ಯಾರ ಕೀಗೆ ಕಟ್ಟಬೇಕು ಎಂದು ಕೇಳುತ್ತದೆ. ಯಾರನ್ನೂ ಆರಿಸದಿದ್ದರೆ ಸುಮ್ನೆ ಒಂದು ಪಾಸ್‌ವರ್ಡ್ ಕೇಳಿ ಕಟ್ಟುತ್ತದೆ. ನಾನು ಎರಡು ಕೀ ಆರಿಸುತ್ತೇನೆ, ನನ್ನದು ಮತ್ತು ಚಿಕ್ಕಪ್ಪನದು. ಒತ್ತಿದರೆ ಬೀಳುವ ಬೀಗ ಇದೆಯಲ್ಲ, ಹಾಕಲು ಕೀಲಿಕೈ ಬೇಡ, ತೆಗೆಯಲು ಬೇಕು. ಇದೂ ಹಾಗೇ. ಅವರ ಸಾರ್ವಜನಿಕ ಕೀ ಆ ಬೀಗ. ಗುಟ್ಟಿನ ಕೀ ಅವರ ಹತ್ತಿರವೇ ಇರುತ್ತದೆ.

ವಿಮ್ ಎಡಿಟರಿಗೆ ತನ್ನದೇ ಬೀಗವೂ ಇದೆ. ಅದರ ಕಥೆ ಸ್ವಲ್ಪ ತಮಾಷೆ. ಕೋಲನ್ ಒತ್ತಿ ಇಂಗ್ಲಿಷಿನ ಚಿಕ್ಕ ಎಕ್ಸ್ ಒತ್ತಿದರೆ ಸೇವ್ ಆಗಿ ಹೊರಗೆ ಬರುತ್ತೀರಿ. ಕ್ಯಾಪ್ಸ್ ಲಾಕ್ ಬಿದ್ದು ದೊಡ್ಡ ಎಕ್ಸ್ ಆದರೆ ಎನ್‌ಕ್ರಿಪ್ಷನ್ ಕೀ ಕೇಳುತ್ತದೆ. ಗಾಬರಿಯಲ್ಲಿ ಏನೋ ಟೈಪ್ ಮಾಡಿ, ಸೇವ್ ಮಾಡಿದರೆ ಮುಗಿಯಿತು, ನಿಮ್ಮ ಫೈಲಿಗೆ ನಿಮಗೇ ಗೊತ್ತಿಲ್ಲದ ಬೀಗ. ಖಾಲಿ ಎಂಟರ್ ಒತ್ತಿ ತಪ್ಪಿಸಿಕೊಳ್ಳಬೇಕು. ಇನ್ನೊಂದು, ತಪ್ಪು ಕೀ ಕೊಟ್ಟರೆ ಈ ಬೀಗ ಸಾಮಾನ್ಯವಾಗಿ ‘ತಪ್ಪು’ ಅನ್ನುವುದಿಲ್ಲ, ಕಸದಂಥ ಅಕ್ಷರ ತೋರಿಸುತ್ತದೆ. ಅದನ್ನೇ ಸೇವ್ ಮಾಡಿದರೆ ಫೈಲ್ ಕೆಟ್ಟಿತು. ಇದರ ಹಳೆಯ ವಿಧಾನಗಳೂ ದುರ್ಬಲ. ನನ್ನ ಮಾತು ಕೇಳಿದರೆ, ವಿಮ್ ಬಳಸುವವರೂ ಜಿಪಿಜಿ ಪ್ಲಗಿನ್ ಹಾಕಿಕೊಳ್ಳುವುದು ಒಳ್ಳೆಯದು. ಅದು ಸ್ವಾಪ್ ಫೈಲನ್ನೂ ನಿಲ್ಲಿಸುತ್ತದೆ.

ಹಾಗಂತ ಈ ಗಾಜು ಎಲ್ಲ ಕಡೆಯೂ ಗಟ್ಟಿ ಇಲ್ಲ. ಜಿಪಿಜಿ ನಿಮ್ಮ ಪಾಸ್‌ವರ್ಡನ್ನು ಸ್ವಲ್ಪ ಹೊತ್ತು ನೆನಪಿಟ್ಟುಕೊಳ್ಳುತ್ತದೆ. ನಾವು ಬದಲಿಸದಿದ್ದರೆ, ಕೊನೆಯ ಬಳಕೆಯಿಂದ 10 ನಿಮಿಷ. ಕಾಫಿ ಕುಡಿಯಲು ಎದ್ದು ಹೋದರೆ, ಆ ಹೊತ್ತಿನಲ್ಲಿ ಕುರ್ಚಿಯಲ್ಲಿ ಬಂದು ಕೂತವರಿಗೂ ಬೀಗ ಅಷ್ಟೇ ಪಾರದರ್ಶಕ. ಒಂದು ಸಾಲು ಕಾಪಿ ಮಾಡಿ ವಾಟ್ಸಾಪಿಗೆ ಹಾಕಿದರೆ ಬೀಗದ ಮಾತೇ ಇಲ್ಲ. ಪಾಸ್‌ವರ್ಡ್ ಮರೆತರೆ ‘ಮರೆತಿರಾ?’ ಅಂತ ಕೇಳುವ ಬಟನ್ನೂ ಇಲ್ಲ.

ಮತ್ತೆ, ಫೈಲಿನ ಹೆಸರಿಗೆ ಬೀಗ ಬೀಳುವುದಿಲ್ಲ. ನಮ್ಮದಕ್ಕೆ ‘ಬಟವಾಡೆ ಮುಂಗಡ ಖಾತೆ ನಂಬರ್’ ಅಂತ ಹೆಸರಿತ್ತು, ಕಳ್ಳನಿಗೆ ಬೋರ್ಡ್ ಹಾಕಿದ ಹಾಗೆ. ತೋಟದಲ್ಲಿ ಯಾರೂ ಕದಿಯದ ಲೆಕ್ಕ ಯಾವುದು ಎಂದು ಯೋಚಿಸಿ ‘ಮಳೆ ಲೆಕ್ಕ’ ಅಂತ ಬದಲಿಸಿದೆ. ಮೊನ್ನೆ ಚಿಕ್ಕಪ್ಪ ಫೋನ್ ಮಾಡಿದ್ದರು. ಪಕ್ಕದ ತೋಟದವರಿಗೆ ಜೂನ್ ತಿಂಗಳ ಇಂಚು ಹೇಳಬೇಕಿತ್ತಂತೆ, ಪಾಸ್‌ವರ್ಡ್ ಕೇಳ್ತಾ ಇದೆ, ಮಳೆಗೂ ಬೀಗ ಹಾಕಿದ್ದೀಯಾ ಮಾರಾಯ ಅಂತ.