ಸಂಡೂರಿನ ಅದಿರಿನಲ್ಲಿ ಸಿಗದ ಕಬ್ಬಿಣ

ಸಂಡೂರಿನಿಂದ ತೋರಣಗಲ್ಲಿನತ್ತ ಅದಿರು ಲಾರಿ ಓಡಾಡುವ ರಸ್ತೆ ಬದಿ ಬೈಕ್ ನಿಲ್ಲಿಸಿದರೆ, ಚಹಾ ಕುಡಿದು ಬರುವಷ್ಟರಲ್ಲಿ ಸೀಟಿನ ಮೇಲೆ ಕೆಂಪು ಧೂಳು ಕೂತಿರುತ್ತದೆ. ಅದರಲ್ಲಿರುವ ಕಬ್ಬಿಣ ಸೂರ್ಯ ಹುಟ್ಟುವ ಮೊದಲೇ ಸಿಡಿದುಹೋದ ನಕ್ಷತ್ರಗಳದ್ದು. ಹಾಗಿದ್ದರೂ ಸೂಪರ್‌ನೋವಾ, ಅಂದರೆ ಭಾರಿ ನಕ್ಷತ್ರ ಸಿಡಿಯುವ ಸ್ಫೋಟದ ಗುರುತು ಹುಡುಕಿದ ವಿಜ್ಞಾನಿಗಳು ಇಲ್ಲಿಗೆ ಬರಲಿಲ್ಲ, ಸಮುದ್ರದ ತಳಕ್ಕೆ ಹೋದರು.

ಕಾರಣ ಸರಳ. ಮಾಮೂಲಿ ಕಬ್ಬಿಣಕ್ಕೆ ತಾನು ಯಾವಾಗ ಬಂದೆ ಎಂದು ಹೇಳಲು ಬಾರದು. ಹೇಳಬಲ್ಲದ್ದು ಕಬ್ಬಿಣ-60 ಎಂಬ ವಿಕಿರಣಶೀಲ ಬಗೆ. ಭಾರಿ ನಕ್ಷತ್ರಗಳಲ್ಲಿ ತಯಾರಾಗುವ ಇದು ಭೂಮಿಯ ಮೇಲೆ ಹೇಳಿಕೊಳ್ಳುವಷ್ಟು ಹುಟ್ಟುವುದಿಲ್ಲ. ಸುಮಾರು 26 ಲಕ್ಷ ವರ್ಷಕ್ಕೊಮ್ಮೆ ಅರ್ಧಕ್ಕಿಳಿಯುತ್ತದೆ. ಸಂಡೂರಿನ ಕಬ್ಬಿಣದ ಪದರಗಳು 250 ಕೋಟಿ ವರ್ಷಕ್ಕೂ ಹಳೆಯವು. ಅಷ್ಟರಲ್ಲಿ ಹೆಚ್ಚುಕಡಿಮೆ ಸಾವಿರ ಸಲ ಅರ್ಧವಾಗಿ, ಒಂದು ಪರಮಾಣುವೂ ಉಳಿದಿರುವ ಮಾತಿಲ್ಲ. ಇವತ್ತು ಎಲ್ಲಾದರೂ ಕಬ್ಬಿಣ-60 ಕಂಡರೆ ಅದು ಭೂಮಿಗೆ ಈಚೆಗೆ ಬಂದ ನೆಂಟ.

ಇಂಥ ಪರಮಾಣುಗಳನ್ನು ಹುಡುಕಬಹುದೆಂದು 1996ರಲ್ಲಿ ಜಾನ್ ಎಲ್ಲಿಸ್, ಬ್ರಿಯಾನ್ ಫೀಲ್ಡ್ಸ್, ಡೇವಿಡ್ ಶ್ರಾಮ್ ಬರೆದರು. ಮೂರೇ ವರ್ಷದಲ್ಲಿ, 1999ರಲ್ಲಿ, ಮ್ಯೂನಿಕ್‌ನ ಕ್ಲಾಸ್ ಕ್ನೀ ತಂಡಕ್ಕೆ ಪೆಸಿಫಿಕ್ ತಳದ ಕಬ್ಬಿಣ-ಮ್ಯಾಂಗನೀಸ್ ಹೊರಪದರದಲ್ಲಿ ಅದು ಸಿಕ್ಕಿತು. ಕಬ್ಬಿಣ, ಮ್ಯಾಂಗನೀಸ್ ಎರಡೂ ಸಂಡೂರಿನ ಗುಡ್ಡಗಳಲ್ಲೂ ಇವೆ. ಆದರೆ ಸಮುದ್ರದ ಈ ಕಪ್ಪು ಪದರ ಈಗಲೂ ಬೆಳೆಯುತ್ತಿದೆ, ಹತ್ತು ಲಕ್ಷ ವರ್ಷಕ್ಕೆ ಕೆಲವೇ ಮಿಲಿಮೀಟರ್. ಆ ಆಮೆ ನಡಿಗೆಯೇ ಅನುಕೂಲವಾಯಿತು: ಮೇಲಿಂದ ತೆಳ್ಳಗೆ ಕೆರೆದು ತೆಗೆದಂತೆಲ್ಲ ಲಕ್ಷಾಂತರ ವರ್ಷ ಹಿಂದಕ್ಕೆ ಹೋಗಬಹುದು.

ನಿಜವಾದ ಪಡಿಪಾಟಲು ಎಣಿಕೆಯಲ್ಲಿ. ಹತ್ತು ಕೋಟಿ ಕೋಟಿ ಕಬ್ಬಿಣದ ಪರಮಾಣುಗಳಲ್ಲಿ ಒಂದೋ ಎರಡೋ ಈ ಬಗೆಯವು. ಸಾಲದ್ದಕ್ಕೆ ನಿಕ್ಕಲ್-60ಕ್ಕೂ ಹೆಚ್ಚುಕಡಿಮೆ ಅಷ್ಟೇ ತೂಕ; ತಕ್ಕಡಿ ಮಟ್ಟದಲ್ಲಿ ಎರಡನ್ನೂ ಬೇರೆ ಮಾಡಲಾಗದು. ಹಾಗಾಗಿ ಪರಮಾಣುಗಳನ್ನು ವೇಗವರ್ಧಕದಲ್ಲಿ ಓಡಿಸಿ, ಅನಿಲ ತುಂಬಿದ ಆಯಸ್ಕಾಂತದ ನಡುವೆ ಹಾಯಿಸುತ್ತಾರೆ. ಅಲ್ಲಿ ಎರಡರ ದಾರಿ ಕವಲೊಡೆಯುತ್ತದೆ, ಬೇಕಾದದ್ದನ್ನು ಒಂದೊಂದಾಗಿ ಎಣಿಸುತ್ತಾರೆ.

2004ರಲ್ಲಿ ಅದೇ ತಂಡ ಸುಮಾರು 4,800 ಮೀಟರ್ ಆಳದ ಇನ್ನೊಂದು ತುಣುಕನ್ನು ಪದರ ಪದರವಾಗಿ ನೋಡಿ, ಕಬ್ಬಿಣ-60 ಯಾವ ಕಾಲದಲ್ಲಿ ಬಂದು ಬಿತ್ತೆಂದು ಗುರುತಿಸಿತು. 2009ರಲ್ಲಿ ಮತ್ತೊಂದು ತಿರುವು: ಅದರ ಅರ್ಧಾಯುಷ್ಯ (ಅರ್ಧಕ್ಕಿಳಿಯಲು ಹಿಡಿಯುವ ಕಾಲ) ಅದುವರೆಗೆ ನಂಬಿದ್ದಂತೆ 15 ಲಕ್ಷ ವರ್ಷವಲ್ಲ, 26 ಲಕ್ಷ ಎಂದು ಗೊತ್ತಾಗಿ ಲೆಕ್ಕಗಳನ್ನು ತಿದ್ದಬೇಕಾಯಿತು. 2016ರಲ್ಲಿ ಆಂಟನ್ ವಾಲ್ನರ್ ತಂಡ ಹಿಂದೂ ಮಹಾಸಾಗರವೂ ಸೇರಿ ಮೂರು ಸಾಗರಗಳ ಮಾದರಿ ನೋಡಿತು. ಸುಮಾರು 15ರಿಂದ 32 ಲಕ್ಷ ವರ್ಷಗಳ ಹಿಂದೊಮ್ಮೆ, 65ರಿಂದ 87 ಲಕ್ಷ ವರ್ಷಗಳ ಹಿಂದೊಮ್ಮೆ, ಹೀಗೆ ಎರಡು ಸಲ ಸುರಿದದ್ದು ಕಂಡಿತು. ಅದೇ ವರ್ಷ ಅಪೊಲೊ ತಂದ ಚಂದ್ರನ ಮಣ್ಣಿನಲ್ಲೂ ಸಿಕ್ಕಿತು.

2019ರ ಸುದ್ದಿ ಇನ್ನೂ ಹತ್ತಿರದ್ದು. ಅಂಟಾರ್ಕ್ಟಿಕಾದ 500 ಕಿಲೋ ಹೊಸ ಹಿಮವನ್ನು ಮ್ಯೂನಿಕ್‌ಗೆ ತಂದು ಕರಗಿಸಿದರೆ ಅದರಲ್ಲೂ ಕಬ್ಬಿಣ-60! ಅಂದರೆ ಈಗಲೂ ಉದುರುತ್ತಿದೆ, ನಮ್ಮ ಬಳ್ಳಾರಿಯ ಮಾಳಿಗೆಗಳ ಮೇಲೂ ಬೀಳುತ್ತಿರಬೇಕು. ಈ ಧೂಳಿನಲ್ಲಿ ಹುಡುಕುವವರಾರು?

2021ರಲ್ಲಿ ಸಮುದ್ರದ ಹೊರಪದರದಲ್ಲೇ ಕಬ್ಬಿಣಕ್ಕಿಂತ ಬಹಳ ಭಾರದ ವಿಕಿರಣಶೀಲ ಪ್ಲುಟೋನಿಯಂ-244 ಕೂಡ ಸಿಕ್ಕಿತು, ಆದರೆ ಬಹಳ ಕಮ್ಮಿ. ಇಷ್ಟು ಭಾರದ ಧಾತುಗಳನ್ನೆಲ್ಲ ಸೂಪರ್‌ನೋವಾಗಳೇ ಮಾಡುತ್ತಿದ್ದರೆ ಹೆಚ್ಚು ಇರಬೇಕಿತ್ತು. ಈ ತಕರಾರು ರಾಯಚೂರಿನ ಹಟ್ಟಿ ಗಣಿಯ ಚಿನ್ನಕ್ಕೂ ಅನ್ವಯಿಸುತ್ತದೆ, ಏಕೆಂದರೆ ಚಿನ್ನ ಹುಟ್ಟುವುದೂ ಅದೇ ಬಗೆಯ ಕ್ರಿಯೆಯಲ್ಲಿ. 2017ರಲ್ಲಿ ಎರಡು ನ್ಯೂಟ್ರಾನ್ ನಕ್ಷತ್ರ ಡಿಕ್ಕಿ ಹೊಡೆದದ್ದನ್ನು ಕಂಡ ಮೇಲೆ ಇಂಥ ಭಾರದ ಧಾತುಗಳು ಹೆಚ್ಚಾಗಿ ಆ ಡಿಕ್ಕಿಗಳಲ್ಲೇ ಹುಟ್ಟುತ್ತವೆ ಎಂಬ ಕಡೆಗೆ ಹೆಚ್ಚಿನವರ ಒಲವಿದೆ.